ಬಾಗಿಲಿಗೆ ಚಿಲಕವಿಲ್ಲದ ದಿನಗಳು

ನಮ್ಮ ಸಂಘದ ಪತ್ರಿಕೆಯಲ್ಲಿ ಹೆಂಗಸರು ಬರೆದರೆ ಅದು ಅಡುಗೆ, ಹಬ್ಬ, ಇಲ್ಲವೇ ಊರಿನ ನೆನಪು ಎಂಬ ರೂಢಿ ಬಿದ್ದುಹೋಗಿದೆ. ನಾನೂ ಹಿಂದೊಮ್ಮೆ ಪತ್ರೊಡೆಯ ಬಗ್ಗೆ ಎರಡು ಪುಟ ಬರೆದವಳೇ. ಈ ಸಲ ಸಂಪಾದಕರು "ನಮ್ಮ ಯುವಜನರು ಓದುವಂಥದ್ದೇನಾದರೂ ಬರೆಯಿರಿ" ಎಂದಾಗ ನನಗೆ ಬೇರೆಯೇ ಒಂದು ವಿಷಯ ಹೊಳೆಯಿತು. ಆದರೆ ಅದು ನನ್ನ ಸ್ವಂತದ್ದಲ್ಲ, ನನ್ನ ತಮ್ಮನದು. ಅವನನ್ನು ಕೇಳಿದೆ. "ಹೆಸರು ಹಾಕಬೇಡ ಅಕ್ಕಾ. ಮಿಕ್ಕಿದ್ದೆಲ್ಲ ಬರಿ. ನಿಮ್ಮ ಸಂಘದ ಹುಡುಗರ ಪೈಕಿ ಯಾರ ಮನೆಯಲ್ಲಾದರೂ ನನ್ನಂಥವನೊಬ್ಬ ಇರಬಹುದು," ಎಂದ. ಹಾಗಾಗಿ ಧೈರ್ಯ ಮಾಡಿದ್ದೇನೆ.

ನನ್ನ ತಮ್ಮನಿಗೆ ಎಚ್‌ಐವಿ ಸೋಂಕು ಇದೆ. ಅದು ಗೊತ್ತಾದದ್ದು 2011ರ ಮಾರ್ಚ್ ತಿಂಗಳಲ್ಲಿ. ಆಗ ಅವನಿಗೆ 36 ವರ್ಷ. ವಾಶಿಯ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವ ಕೆಲಸ, ವಾಸ ಡೊಂಬಿವಲಿಯಲ್ಲಿ ನಮ್ಮ ಮನೆಯಲ್ಲೇ. ಹೇಗೆ ಬಂತು ಎಂದು ನೀವು ಕೇಳಬಹುದು. ನಾವು ಕೇಳಲಿಲ್ಲ. ಸಕ್ಕರೆ ಕಾಯಿಲೆ ಬಂದವನನ್ನು "ಯಾವ ಅಂಗಡಿಯ ಜಿಲೇಬಿ ತಿಂದೆ?" ಎಂದು ಯಾರೂ ಕೇಳುವುದಿಲ್ಲವಷ್ಟೆ. ಬಂದಾಯಿತು, ಮುಂದೇನು ಎಂಬುದಷ್ಟೇ ನಮ್ಮೆದುರಿಗಿದ್ದ ಪ್ರಶ್ನೆ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಅದಾಗಿ ಎಷ್ಟೋ ವರ್ಷ ಇದಕ್ಕೆ ಔಷಧ ಇದ್ದರೂ ನಮ್ಮಂಥವರ ಕೈಗೆಟುಕುವಂತಿರಲಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಮಾತ್ರೆ ಕೊಡಲಾರಂಭಿಸಿತು. ಹೀಗೆ ಮಾತ್ರೆ ಕೊಡುವ ಕೇಂದ್ರಗಳಿಗೆ ಎಆರ್‌ಟಿ ಕೇಂದ್ರ ಎನ್ನುತ್ತಾರೆ. ತಮ್ಮನ ಪಾಲಿಗೆ ಇದು ದೊಡ್ಡ ಪುಣ್ಯ. ಅವನಿಗೆ ಕೊಟ್ಟದ್ದು ಮೂರು ಔಷಧಗಳ ಕೂಟ: ಝಿಡೋವುಡಿನ್, ಲಾಮಿವುಡಿನ್ ಮತ್ತು ನೆವಿರಪಿನ್. ಜೊತೆಗೆ, ಬೇರೆ ಸೋಂಕು ತಗಲದಂತೆ ಕೋಟ್ರಿಮೊಕ್ಸಜೋಲ್ ಎಂಬ ಇನ್ನೊಂದು ಮಾತ್ರೆ. ಯಾಕೆಂದರೆ ಅವನ ಸಿಡಿ4 ಎಣಿಕೆ ಬರೀ 138 ಇತ್ತು. ಆರೋಗ್ಯವಂತರಲ್ಲಿ ಇದು 500ಕ್ಕೂ ಮೇಲೆ ಇರುತ್ತದೆ.

ಮಾತ್ರೆ ಶುರುವಾದ ಮೊದಲ ಮೂರು ತಿಂಗಳು ಚೆನ್ನಾಗಿಯೇ ಕಳೆಯಿತು. ತೂಕ ನಾಲ್ಕು ಕಿಲೋ ಏರಿತು, ಬಾಯಿಗೆ ರುಚಿ ಹತ್ತಿತು, ಕೆಲಸಕ್ಕೂ ಹೋಗತೊಡಗಿದ. ಅಷ್ಟರಲ್ಲಿ ವಿಷಯ ತಿಳಿದ ಹತ್ತಿರದ ನೆಂಟರೊಬ್ಬರು ನಮ್ಮಲ್ಲಿಗೆ ಬಂದಿದ್ದಾಗ, ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ, "ಅವನಿಗೆ ಒಂದು ತಟ್ಟೆ ಲೋಟ ಬೇರೆ ಇಟ್ಟುಬಿಡು, ಮಕ್ಕಳಿರುವ ಮನೆ," ಎಂದರು. ತಟ್ಟೆ ಲೋಟದಿಂದ, ಒಟ್ಟಿಗೆ ಉಣ್ಣುವುದರಿಂದ, ತಬ್ಬಿಕೊಳ್ಳುವುದರಿಂದ, ಸೊಳ್ಳೆಯಿಂದ ಇದು ಬರುವುದಿಲ್ಲವೆಂದು ನಾನು ಎಷ್ಟು ಹೇಳಿದರೂ ಅವರು ನಮ್ಮ ಮನೆಯ ನೀರನ್ನೂ ಮುಟ್ಟದೆ ಹೋದರು. ಈ ತಟ್ಟೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜುಲೈ ತಿಂಗಳ ರಕ್ತ ಪರೀಕ್ಷೆಯ ವರದಿ ಬಂತು. ಒಟ್ಟು ಬಿಳಿ ರಕ್ತಕಣ 2,100. ಸಾಮಾನ್ಯವಾಗಿ ಇದು 4,000ದಿಂದ 11,000ದವರೆಗೆ ಇರಬೇಕು. ಅಂಕಿಯ ಪಕ್ಕದಲ್ಲಿ ಕೆಳಮುಖವಾದ ಒಂದು ಬಾಣದ ಗುರುತು. ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳು. ಶೇಕ್ಸ್‌ಪಿಯರನ ನಾಟಕವನ್ನು ಅರ್ಥಮಾಡಿಕೊಂಡು ಪರೀಕ್ಷೆ ಬರೆದವಳಿಗೆ ಒಂದು ಪುಟದ ಆ ಇಂಗ್ಲಿಷ್ ಕಾಗದದ ತಲೆಬುಡ ತಿಳಿಯಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. ಅದನ್ನು ನನ್ನ ಮಾತಿನಲ್ಲಿ ನಿಮಗೆ ಹೇಳುತ್ತೇನೆ.

ಬಿಳಿ ರಕ್ತಕಣ ಎಂದರೆ ಒಂದೇ ಜಾತಿಯಲ್ಲ, ಅದೊಂದು ದೊಡ್ಡ ಕುಟುಂಬ. ಸಿಡಿ4 ಎಂಬುದು ಅದರಲ್ಲಿ ಲಿಂಫೋಸೈಟ್ ಎಂಬ ಕವಲಿಗೆ ಸೇರಿದ್ದು. ಎಚ್‌ಐವಿ ವೈರಸ್ಸು ನಾಶಮಾಡುವುದು ಮುಖ್ಯವಾಗಿ ಇದನ್ನು. ಇನ್ನೊಂದು ಕವಲು ನ್ಯೂಟ್ರೋಫಿಲ್. ಗಾಯ, ಗಂಟಲು, ಶ್ವಾಸಕೋಶ, ಎಲ್ಲಿ ಬ್ಯಾಕ್ಟೀರಿಯಾ ನುಗ್ಗಿದರೂ ಮೊದಲು ಓಡಿಬರುವುದು ಇದೇ. ಮೂಳೆಯ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳು ಹುಟ್ಟುತ್ತವಂತೆ. ರಕ್ತದಲ್ಲಿ ಅವು ಬಹಳ ಹೊತ್ತು ಇರುವುದಿಲ್ಲ. ಆದ್ದರಿಂದ ಮಜ್ಜೆಯ ಕೆಲಸ ಸ್ವಲ್ಪ ನಿಧಾನವಾದರೂ ಎಣಿಕೆ ಕುಸಿದುಬಿಡುತ್ತದೆ. ವರದಿಯಲ್ಲಿ ನೋಡಬೇಕಾದದ್ದು ಒಟ್ಟು ಸಂಖ್ಯೆಯನ್ನಷ್ಟೇ ಅಲ್ಲ, ಅದರಲ್ಲಿ ನ್ಯೂಟ್ರೋಫಿಲ್ ಎಷ್ಟು ಎಂಬುದನ್ನು.

ಲೆಕ್ಕ ಬಹಳ ಸುಲಭ. ಒಟ್ಟು ಬಿಳಿ ಕಣವನ್ನು ನ್ಯೂಟ್ರೋಫಿಲ್‌ನ ಶೇಕಡಾವಾರು ಅಂಕಿಯಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಆಗ ಹದಿನಾಲ್ಕು ವರ್ಷದವಳಾಗಿದ್ದ ನನ್ನ ಮಗಳು ತನ್ನ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. 2,100ರಲ್ಲಿ ಶೇಕಡಾ 38 ಅಂದರೆ 798. ಇದು 1,500ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ. 1,000ದ ಕೆಳಗೆ ಇಳಿದರೆ ಎಚ್ಚರ ಬೇಕು. 500ರ ಕೆಳಗೆ ಇಳಿದರೆ ಒಂದು ಸಣ್ಣ ಜ್ವರವನ್ನೂ ಸಣ್ಣದೆಂದು ಎಣಿಸುವ ಹಾಗಿಲ್ಲ.

ಯಾಕೆ ಹೀಗಾಯಿತು? ಡಾಕ್ಟರ ಮೊದಲ ಅನುಮಾನ ಝಿಡೋವುಡಿನ್ ಮೇಲೆ. ಈ ಔಷಧದ ಕಥೆ ಸ್ವಾರಸ್ಯವಾದದ್ದು. 1964ರಲ್ಲಿ ಇದನ್ನು ಅಮೆರಿಕದಲ್ಲಿ ತಯಾರಿಸಿದ್ದು ಕ್ಯಾನ್ಸರಿಗೆಂದು. ಅದಕ್ಕೆ ಕೆಲಸಕ್ಕೆ ಬಾರದೆ ಮೂಲೆಗೆ ಬಿದ್ದಿತ್ತು. 1987ರಲ್ಲಿ ಎಚ್‌ಐವಿಗೆ ಒಪ್ಪಿಗೆ ಪಡೆದ ಮೊಟ್ಟಮೊದಲ ಔಷಧವಾಗಿ ಅದು ಮತ್ತೆ ಎದ್ದುಬಂತು. ಆರಂಭದ ವರ್ಷಗಳಲ್ಲಿ ಇದನ್ನು ಈಗಿನ 600 ಮಿಲಿಗ್ರಾಮಿನ ದುಪ್ಪಟ್ಟು ಕೊಡುತ್ತಿದ್ದರಾಗಿ, ಎಷ್ಟೋ ಮಂದಿಗೆ ರಕ್ತಹೀನತೆ ಉಂಟಾಗುತ್ತಿತ್ತು. ವೈರಸ್ಸಿನ ಬೆಳವಣಿಗೆಯನ್ನು ತಡೆಯುವ ಇದೇ ಔಷಧ ಕೆಲವರಲ್ಲಿ ಮಜ್ಜೆಯ ಬೆಳವಣಿಗೆಗೂ ಅಡ್ಡ ಬರುತ್ತದೆ. ಕೆಂಪು ಕಣ ಕಡಿಮೆಯಾಗುವುದು ಮೊದಲ ಒಂದೆರಡು ತಿಂಗಳಲ್ಲೇ ಕಾಣಬಹುದು. ಬಿಳಿ ಕಣ ಇಳಿಯುವುದು ಕೆಲವು ವಾರಗಳ ಅಥವಾ ತಿಂಗಳುಗಳ ನಂತರ. ತಮ್ಮನಿಗೆ ಆದದ್ದೂ ಸರಿಯಾಗಿ ಹಾಗೆಯೇ.

ಆದರೆ ಒಬ್ಬನ ಮೇಲೆ ಅನುಮಾನ ಬಂದ ಮಾತ್ರಕ್ಕೆ ಉಳಿದವರನ್ನು ಬಿಟ್ಟುಬಿಡುವಂತಿಲ್ಲ. ಕೋಟ್ರಿಮೊಕ್ಸಜೋಲ್ ಸಹ ಬಿಳಿ ಕಣವನ್ನು ಇಳಿಸಬಲ್ಲದು. ಎಚ್‌ಐವಿ ತಾನೇ ಇಳಿಸಬಲ್ಲದು. ಡೆಂಗ್ಯೂ, ಟೈಫಾಯಿಡ್, ಕ್ಷಯ, ಇವೂ ಇಳಿಸುತ್ತವೆ. ಮುಂಬಯಿಯ ಮಳೆಗಾಲ ಬೇರೆ! ಆದ್ದರಿಂದ ಡಾಕ್ಟರು ಆತುರಪಡಲಿಲ್ಲ. ಬೇರೆ ಪರೀಕ್ಷೆಗಳಿಗೆ ಬರೆದುಕೊಟ್ಟು, "ಒಂದು ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಜ್ವರ ಬಂದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ," ಎಂದು, ದಾರಿಯಲ್ಲಿ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ತೋರಿಸಲೆಂದು ಒಂದು ಚೀಟಿಯನ್ನೂ ಕೊಟ್ಟರು.

ಆ ರಾತ್ರಿ ಊಟಕ್ಕೆ ಕುಳಿತಾಗ ತಮ್ಮ ತಟ್ಟೆಯಲ್ಲಿ ಕೈ ಆಡಿಸುತ್ತಾ, "ಅಕ್ಕಾ, ಕಾಯಿಲೆಗಿಂತ ಮೊದಲು ಈ ಮಾತ್ರೆಯೇ ನನ್ನನ್ನು ತಿಂದುಹಾಕುತ್ತದೆ. ಬಿಟ್ಟುಬಿಡುತ್ತೇನೆ," ಎಂದ. ಅವನ ಮಾತಿನಲ್ಲಿ ನ್ಯಾಯವಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬದುಕಲೆಂದು ನುಂಗುವ ಮಾತ್ರೆಯೇ ಮೈಯ ಕಾವಲನ್ನು ಕೀಳುತ್ತಿದ್ದರೆ ಯಾರಿಗೆ ತಾನೇ ಅದರ ಮೇಲೆ ನಂಬಿಕೆ ಉಳಿದೀತು?

ಮರುದಿನ ಅವನನ್ನು ಎಆರ್‌ಟಿ ಕೇಂದ್ರದ ಸಮಾಲೋಚಕಿಯ ಬಳಿ ಕರೆದುಕೊಂಡು ಹೋದೆ. ಆಕೆ ಬೈಯಲಿಲ್ಲ, ಹೆದರಿಸಲೂ ಇಲ್ಲ. ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಸಮಾಧಾನವಾಗಿ ಹೇಳಿದರು. ಮೂರು ಔಷಧ ಸೇರಿ ವೈರಸ್ಸನ್ನು ಅದುಮಿಟ್ಟಿರುತ್ತವೆ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೆವಿರಪಿನ್ ಮೈಯಿಂದ ಹೊರಹೋಗುವುದು ಬಹಳ ನಿಧಾನ, ಉಳಿದೆರಡು ಬೇಗ ಹೋಗುತ್ತವೆ. ಎಲ್ಲವನ್ನೂ ಒಮ್ಮೆಲೇ ಬಿಟ್ಟರೂ ಕೆಲವು ದಿನ ನೆವಿರಪಿನ್ ಒಂದೇ ಉಳಿದಿರುತ್ತದೆ. ಒಂಟಿ ಔಷಧವನ್ನು ಸೋಲಿಸುವುದು ವೈರಸ್ಸಿಗೆ ಸುಲಭ. ಒಮ್ಮೆ ಸೋಲಿಸಲು ಕಲಿತರೆ ಮುಂದೆ ಆ ಔಷಧ ಕೆಲಸಕ್ಕೆ ಬರುವುದಿಲ್ಲ. "ಮಾತ್ರೆ ಬದಲಿಸಲು ದಾರಿ ಇದೆ. ಬಿಡಲು ದಾರಿ ಇಲ್ಲ. ಬದಲಿಸುವ ಕೆಲಸ ಡಾಕ್ಟರದು. ಅಲ್ಲಿಯವರೆಗೆ ಕಾಯುವ ಕೆಲಸ ನಿಮ್ಮದು," ಎಂದರು. ತಮ್ಮ ಏನೂ ಮಾತಾಡಲಿಲ್ಲ. ಆದರೆ ಅಂದು ರಾತ್ರಿ ಒಂಬತ್ತಕ್ಕೆ ತಾನಾಗಿಯೇ ಎದ್ದು ಮಾತ್ರೆ ನುಂಗಿದ.

ಅದೇ ವಾರ ಅಮ್ಮ ಕುಮಟೆಯಿಂದ ಮತ್ಸ್ಯಗಂಧಾ ಗಾಡಿಯಲ್ಲಿ ಠಾಣೆಗೆ ಬಂದಿಳಿದಳು. ಎಪ್ಪತ್ತು ದಾಟಿದ ಜೀವ. ಮಗನ ಕಾಯಿಲೆಯ ಹೆಸರು ಅವಳಿಗೆ ತಿಳಿದಿತ್ತು. ಈ ಬಿಳಿ ಕಣದ ಹೊಸ ಪ್ರಕರಣವನ್ನು ತಿಳಿಹೇಳುವುದು ಹೇಗೆ? ನಾನು ಮಜ್ಜೆ, ನ್ಯೂಟ್ರೋಫಿಲ್ ಎಂದೆಲ್ಲ ತೊದಲಿದೆ. ಅಮ್ಮ ಸುಮ್ಮನೆ ಕೇಳಿ, ಕೊನೆಗೆ, "ಅಂದರೆ ಮನೆ ಗಟ್ಟಿ ಇದೆ, ಬಾಗಿಲಿಗೆ ಚಿಲಕ ಇಲ್ಲ ಅಂದಹಾಗಾಯ್ತು," ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ಡಾಕ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆದರೂ ಅಮ್ಮನ ಮನಸ್ಸಿನಲ್ಲಿ ಆ ನೆಂಟರ ಮಾತು ಕುಳಿತಿತ್ತೆಂದು ಕಾಣುತ್ತದೆ. ಅವಳೂ ಹಿಂಜರಿಯುತ್ತಾ, "ಹಾಗಾದರೆ ತಟ್ಟೆ ಬೇರೆ ಇಡಬೇಕೇನೆ?" ಎಂದು ಕೇಳಿದಳು. ಉತ್ತರ ಕೊಟ್ಟವಳು ನನ್ನ ಮಗಳು. ಅವಳ ಕನ್ನಡ ನಿಮ್ಮೆಲ್ಲರ ಕನ್ನಡದಂತೆಯೇ, ಅರ್ಧ ಮರಾಠಿ, ಕಾಲು ಹಿಂದಿ. "ಅಜ್ಜಿ, ಮಾಮಾನಿಂದ ನಮಗೆ ಏನೂ ಬರಲ್ಲ. ಈಗ ನಮ್ಮಿಂದ ಮಾಮಾಗೆ ಬರತ್ತೆ. ನಾವೇ ಡೇಂಜರ್!"

ಮನೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ತಮ್ಮ ಜೋರಾಗಿ ನಕ್ಕುಬಿಟ್ಟ. ಎಷ್ಟೋ ದಿನಗಳ ನಂತರ ಅವನು ಹಾಗೆ ನಕ್ಕದ್ದು. ಜಗತ್ತೆಲ್ಲ ಅವನಿಗೆ ಹೆದರುತ್ತಿದ್ದಾಗ, ಹೆದರಬೇಕಾದವನು ಅವನು, ಹೆದರಿಸುವವರು ನಾವು ಎಂದು ಹೇಳಿದ ಮೊದಲ ಮನುಷ್ಯಳು ಆ ಹುಡುಗಿ. ನಮ್ಮ ನೆಗಡಿ, ನಮ್ಮ ತೊಳೆಯದ ಕೈ, ಲೋಕಲ್ ಗಾಡಿಯಿಂದ ನಾವು ಹೊತ್ತು ತರುವ ಕೆಮ್ಮು, ಇವೇ ಅವನ ಶತ್ರುಗಳು. ಅಂದಿನಿಂದ ನಮ್ಮ ಮನೆಯ ಮಡಿಯ ಅರ್ಥವೇ ತಿರುಗಿಹೋಯಿತು. ದೂರ ಇಡುವ ಮಡಿ ಹೋಗಿ, ಕಾಪಾಡುವ ಮಡಿ ಬಂತು.

ಆ ದಿನಗಳ ನಮ್ಮ ಮನೆಯ ನಿಯಮಗಳನ್ನು ಇಲ್ಲಿ ಬರೆಯುತ್ತೇನೆ. ಕೀಮೋ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳ ಮನೆಯಲ್ಲೂ ಇವು ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಅವರಿಗೂ ಹೀಗೆಯೇ ಬಿಳಿ ಕಣ ಇಳಿಯುತ್ತದೆ. ಹೊರಗಿನಿಂದ ಯಾರೇ ಬರಲಿ, ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ನಮ್ಮವರು ಆಫೀಸಿನಿಂದ ಬಂದವರು ಚಹಾಕ್ಕಿಂತ ಮುಂಚೆ ಬಚ್ಚಲಿಗೆ ಹೋಗುವುದನ್ನು ಕಲಿತರು. ನೆಗಡಿಯಾದವರು ಮೂಗು ಬಾಯಿ ಮುಚ್ಚಿಕೊಳ್ಳಬೇಕು, ಅವನ ಕೋಣೆಗೆ ಹೋಗಬಾರದು. 2020ರ ನಂತರ ಮಾಸ್ಕ್ ಎಂದರೆ ನಿಮಗೆ ಹೊಸದಲ್ಲ. 2011ರಲ್ಲಿ ನನ್ನ ಮಗಳು ಸೀನುತ್ತಾ, ಕರ್ಚೀಫು ಕಟ್ಟಿಕೊಂಡು, ಬಾಗಿಲ ಹೊರಗೆ ನಿಂತೇ ಮಾಮಾನಿಗೆ ಕ್ರಿಕೆಟ್ ಸ್ಕೋರು ಹೇಳುತ್ತಿದ್ದಳು.

ಊಟ ಬಿಸಿಯಾಗಿ, ಆಗಷ್ಟೇ ಬೇಯಿಸಿದ್ದು. ನೀರು ಕುದಿಸಿ ಆರಿಸಿದ್ದು. ಹಣ್ಣನ್ನು ಚೆನ್ನಾಗಿ ತೊಳೆದು ಸಿಪ್ಪೆ ಸುಲಿದು ಕೊಡುವುದು. ರಸ್ತೆಯ ಬದಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು, ಹಸಿ ಚಟ್ನಿ ಬಂದ್. ಅಮ್ಮನ ಕೈಯ ಒಂದೆಲಗದ ತಂಬುಳಿ ಎಂದರೆ ಅವನಿಗೆ ಪ್ರಾಣ. ಹಸಿ ಎಲೆ ರುಬ್ಬುವುದು ಬೇಡವೆಂದು ಅಮ್ಮ ಎಲೆಯನ್ನು ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ, ಮನೆಯ ತಾಜಾ ಮಜ್ಜಿಗೆಯಲ್ಲಿ ಮಾಡಿ ಆಗಲೇ ಬಡಿಸುತ್ತಿದ್ದಳು. ಪಥ್ಯವೆಂದರೆ ರುಚಿಯಿಲ್ಲದ್ದು ಎಂದೇನೂ ಅಲ್ಲ.

ಹಲ್ಲುಜ್ಜಲು ಮೆದು ಬ್ರಷ್ಷು, ಏಕೆಂದರೆ ಬಾಯಿಯ ಹುಣ್ಣೂ ಒಸಡಿನ ಗಾಯವೂ ಸೋಂಕಿಗೆ ದಾರಿ. ಉಗುರು ಕತ್ತರಿಸುವಾಗ, ಗಡ್ಡ ಮಾಡುವಾಗ ಗಾಯವಾಗದಂತೆ ನೋಡಿಕೊಳ್ಳುವುದು. ಇನ್ನು ಮುಂಬಯಿಯ ಪಾರಿವಾಳಗಳು! ನಮ್ಮ ಗ್ಯಾಲರಿಯಲ್ಲಿ ಅವುಗಳದೇ ಸಂಸಾರ. ಪಾರಿವಾಳದ ಒಣ ಹಿಕ್ಕೆಯ ಧೂಳಿನಲ್ಲಿ ಇರಬಹುದಾದ ಶಿಲೀಂಧ್ರ ಸಿಡಿ4 ಕಡಿಮೆ ಇರುವವರ ಮಿದುಳಿಗೇ ಸೋಂಕು ತರಬಲ್ಲದೆಂದು ಡಾಕ್ಟರು ಎಚ್ಚರಿಸಿದ್ದರು. ನಮ್ಮವರು ಒಂದು ಭಾನುವಾರ ಇಡೀ ಗ್ಯಾಲರಿಯನ್ನು ನೀರು ಹಾಕಿ ಒದ್ದೆ ಮಾಡಿ ತೊಳೆದು ಬಲೆ ಕಟ್ಟಿಸಿದರು. ಆ ಹೊತ್ತು ತಮ್ಮನನ್ನು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿ ಕೂಡಿಸಿದ್ದೆವು.

ಇಷ್ಟೆಲ್ಲದರ ನಡುವೆ ಅವನನ್ನು ಒಬ್ಬಂಟಿ ಮಾಡಲಿಲ್ಲ. ಕಾಯಿಲೆಯಿಲ್ಲದವರೆಲ್ಲ ಅವನ ಜೊತೆಯಲ್ಲೇ ಉಂಡೆವು, ಅದೇ ತಟ್ಟೆಗಳಲ್ಲಿ.

ಅಮ್ಮ ಊರಿನಿಂದ ಬರುವಾಗ ಅಮೃತಬಳ್ಳಿಯ ಕಡ್ಡಿಗಳನ್ನು ಕಟ್ಟಿಕೊಂಡು ಬಂದಿದ್ದಳು. ಪಕ್ಕದ ಮನೆಯವರು ಪಪ್ಪಾಯಿ ಎಲೆಯ ರಸ ಕುಡಿಸಿ ಎಂದರು. ನಾನು ಎರಡನ್ನೂ ಡಾಕ್ಟರಿಗೆ ಕೇಳಿದೆ. ಅವರು ಅಮ್ಮನ ಮುಖವನ್ನೇ ನೋಡಿ ಹೇಳಿದರು: "ಅಮ್ಮಾ, ಅವನು ನುಂಗುವ ನೆವಿರಪಿನ್ ಯಕೃತ್ತಿಗೆ ಮೊದಲೇ ಭಾರ. ಅದರ ಮೇಲೆ ಇನ್ನೊಂದು ಹೊರೆ ಈಗ ಬೇಡ. ಯಾವ ಕಷಾಯ ಬಿಳಿ ಕಣ ಏರಿಸುತ್ತದೆಂದು ನಂಬಿ ಕೂತರೆ ಪರೀಕ್ಷೆ ಮಾಡಿಸುವ ದಿನ ಮರೆತುಹೋಗುತ್ತದೆ." ಅಮ್ಮ ಆ ಕಡ್ಡಿಗಳನ್ನು ಎಸೆಯಲಿಲ್ಲ, ಕುಂಡದಲ್ಲಿ ನೆಟ್ಟಳು. ಬಳ್ಳಿ ಈಗ ನಮ್ಮ ಕಿಟಕಿಯ ತುಂಬ ಹಬ್ಬಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಥರ್ಮಾಮೀಟರು. ಬೆಳಿಗ್ಗೆ, ಸಂಜೆ ಮತ್ತು ಮೈ ಬಿಸಿ ಎನಿಸಿದಾಗಲೆಲ್ಲ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ಮಗಳ ಕೆಲಸ. 100.4 ಡಿಗ್ರಿ ಎಂಬುದು ನಮ್ಮ ಲಕ್ಷ್ಮಣರೇಖೆ. ಬಿಳಿ ಕಣ ಕಡಿಮೆ ಇರುವವರಿಗೆ ಕೀವು, ಊತ, ಕಫ ಯಾವುದೂ ಸರಿಯಾಗಿ ಕಾಣಿಸುವುದಿಲ್ಲ, ಏಕೆಂದರೆ ಕೀವಾಗಲಿಕ್ಕೂ ನ್ಯೂಟ್ರೋಫಿಲ್ ಬೇಕು. ಜ್ವರವೊಂದೇ ಕೆಲವೊಮ್ಮೆ ಕೂಗಿ ಕರೆಯುವ ದನಿ.

ಎರಡನೆಯ ಪರೀಕ್ಷೆಗೆ ರಕ್ತ ಕೊಟ್ಟು ಬಂದ ದಿನ ರಾತ್ರಿ ಹನ್ನೊಂದಕ್ಕೆ ಆ ದನಿ ಕೇಳಿತು. 101 ಡಿಗ್ರಿ. ಅಮ್ಮ ಕ್ರೋಸಿನ್ ಹುಡುಕಿದಳು, ತಮ್ಮನೇ ಬೇಡವೆಂದ. ಜ್ವರವನ್ನು ಇಳಿಸಿ ಬೆಳಗಿನವರೆಗೆ ಕಾದರೆ ಹೊತ್ತು ಕಳೆಯುತ್ತದೆಂದು ಅವನಿಗೆ ನೆನಪಿತ್ತು. ಹೊರಗೆ ಧಾರಾಕಾರ ಮಳೆ. ಕೆಳಗಿನ ಮಹಡಿಯ ಮರಾಠಿ ಕಾಕಾ ತಮ್ಮ ಕಾರು ತೆಗೆದರು. ಏನಾಗಿದೆ ಎಂದು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ ಚೀಟಿ ತೋರಿಸಿದೊಡನೆ ಹಾಸಿಗೆ ಕೊಟ್ಟರು. ರಕ್ತವನ್ನು ಕಲ್ಚರಿಗೆ ಕಳಿಸಿ, ಫಲಿತಾಂಶಕ್ಕೆ ಕಾಯದೆ ನರದ ಮೂಲಕ ಆಂಟಿಬಯಾಟಿಕ್ ಹಚ್ಚಿದರು. ಎದೆಯ ಎಕ್ಸ್‌ರೇ, ಮಲೇರಿಯಾ, ಡೆಂಗ್ಯೂ ಪರೀಕ್ಷೆ ಎಲ್ಲ ಆಯಿತು. ಬೆಳಿಗ್ಗೆ ವರದಿ ಬಂತು. ಒಟ್ಟು 1,600, ನ್ಯೂಟ್ರೋಫಿಲ್ ಶೇಕಡಾ 30. ಮಗಳು ಫೋನಿನಲ್ಲೇ ಲೆಕ್ಕ ಹೇಳಿದಳು: "ಅಮ್ಮಾ, 480."

ಆ ಎರಡು ರಾತ್ರಿ ಹೇಗೆ ಕಳೆದೆವೋ ದೇವರಿಗೇ ಗೊತ್ತು. ಮೂರನೆಯ ದಿನ ಜ್ವರ ಬಿಟ್ಟಿತು. ಯಾವ ಜಂತುವಿನಿಂದ ಬಂತು ಎಂಬುದು ಕಲ್ಚರಿನಲ್ಲಿ ಸಿಗಲೇ ಇಲ್ಲ. ಹಾಗಾಗುವುದು ಅಪರೂಪವೇನಲ್ಲವಂತೆ. ಔಷಧ ಬೇಗ ಬಿದ್ದದ್ದೇ ಮುಖ್ಯವೆಂದರು. ಹೊಟ್ಟೆಯ ಚರ್ಮದ ಅಡಿಗೆ ಫಿಲ್ಗ್ರಾಸ್ಟಿಮ್ ಎಂಬ ಇಂಜೆಕ್ಷನ್ ಕೆಲವು ದಿನ ಕೊಟ್ಟರು. ಮಜ್ಜೆಯನ್ನು ಎಬ್ಬಿಸಿ ನ್ಯೂಟ್ರೋಫಿಲ್ ಹೆಚ್ಚಿಸುವ ಈ ಮದ್ದು 1991ರಿಂದ ಬಳಕೆಯಲ್ಲಿದೆ. ಅದನ್ನು ಕೊಟ್ಟ ಮೇಲೆ ತಮ್ಮನಿಗೆ ಸೊಂಟ, ಬೆನ್ನೆಲ್ಲ ನೋವು. ಅಮ್ಮ ಗಾಬರಿಯಾದಾಗ ದಾದಿ, "ಮೂಳೆಯೊಳಗಿನ ಕಾರ್ಖಾನೆ ಮತ್ತೆ ಶುರುವಾದ ಸದ್ದು ಅಜ್ಜಿ," ಎಂದಳು. ಆದರೆ ಇದು ಊರುಗೋಲಷ್ಟೇ. ಕಾಲು ನೋಯಿಸುವ ಮುಳ್ಳನ್ನು ಕೀಳದೆ ಊರುಗೋಲು ಹಿಡಿದು ಎಷ್ಟು ದೂರ ನಡೆಯಬಹುದು?

ಆ ಮುಳ್ಳನ್ನು ಕೀಳುವ ತೀರ್ಮಾನವನ್ನು ಎಆರ್‌ಟಿ ಕೇಂದ್ರದ ಡಾಕ್ಟರು ಮಾಡಿದರು. ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಝಿಡೋವುಡಿನ್ ತೆಗೆದು ಆ ಜಾಗಕ್ಕೆ ಟೆನೊಫೋವಿರ್ ಹಾಕಿದರು. ಉಳಿದೆರಡು ಔಷಧ ಹಾಗೆಯೇ ಮುಂದುವರಿದವು. ನಡುವೆ ಒಂದು ದಿನವೂ ಖಾಲಿ ಹೋಗಲಿಲ್ಲ. ಕೋಟ್ರಿಮೊಕ್ಸಜೋಲನ್ನೂ ಬಿಡಲಿಲ್ಲ, ಏಕೆಂದರೆ ಸಿಡಿ4 ಇನ್ನೂ ಕಡಿಮೆಯೇ ಇತ್ತು, ಅದು ತಡೆಯುವ ನ್ಯುಮೋನಿಯಾ ಬಿಳಿ ಕಣದ ಕೊರತೆಗಿಂತ ದೊಡ್ಡ ಅಪಾಯವಾಗಿತ್ತು. ಆಗಸ್ಟ್ ಕೊನೆಯಲ್ಲಿ ಒಟ್ಟು 3,900, ನ್ಯೂಟ್ರೋಫಿಲ್ ಶೇಕಡಾ 52. ಅಂದರೆ 2,028. ಇಂಜೆಕ್ಷನ್ ನಿಲ್ಲಿಸಿ ಬಹಳ ದಿನವಾದ ಮೇಲಿನ ಅಂಕಿ ಇದು. ಮಗಳು ಅದನ್ನು ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಳು. ಗಣೇಶ ಚತುರ್ಥಿಗೆ ಅಮ್ಮ ಇಪ್ಪತ್ತೊಂದು ಮೋದಕ ಮಾಡಿದಳು. ಅದರಲ್ಲಿ ಒಂಬತ್ತು ತಮ್ಮನ ಹೊಟ್ಟೆಗೆ ಹೋದವು.

ಈಗ ಕಾಲ ಬದಲಾಗಿದೆ. ಹೊಸದಾಗಿ ಚಿಕಿತ್ಸೆ ಆರಂಭಿಸುವವರಿಗೆ ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೊಡುವುದು ಟೆನೊಫೋವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ, ದಿನಕ್ಕೊಂದೇ ಮಾತ್ರೆ. ಅದರಿಂದ ಬಿಳಿ ಕಣ ಇಳಿಯುವುದು ವಿರಳ. ತಮ್ಮನೂ ಈಗ ಅದನ್ನೇ ತೆಗೆದುಕೊಳ್ಳುತ್ತಾನೆ. ಆದರೆ ಝಿಡೋವುಡಿನ್ ಇನ್ನೂ ಪೂರ್ತಿ ನಿವೃತ್ತಿಯಾಗಿಲ್ಲ. ಮೊದಲ ಔಷಧ ಸೋತವರಿಗೆ, ಮೂತ್ರಪಿಂಡ ಸರಿಯಿಲ್ಲದ ಕೆಲವರಿಗೆ ಈಗಲೂ ಬೇಕಾಗುತ್ತದೆ. ಅಂಥವರಿಗೆ ತಪ್ಪದೆ ರಕ್ತ ಪರೀಕ್ಷೆ ಮಾಡಿಸುವುದು ಮಾತ್ರೆ ನುಂಗುವಷ್ಟೇ ಮುಖ್ಯ. ತಮ್ಮನ ರಕ್ತದಲ್ಲಿ ವೈರಸ್ಸು ಈಗ ಪರೀಕ್ಷೆಗೆ ಸಿಗದಷ್ಟು ಕಡಿಮೆ. ಹಾಗೆ ಉಳಿದಿರುವವರೆಗೆ ಲೈಂಗಿಕ ಸಂಪರ್ಕದಿಂದ ಬೇರೆಯವರಿಗೆ ಅದು ಹರಡುವುದಿಲ್ಲವೆಂದು ವೈದ್ಯಶಾಸ್ತ್ರ ಈಗ ಖಚಿತವಾಗಿ ಹೇಳುತ್ತದೆ. ಅವನಿಗೀಗ ಐವತ್ತರ ಪ್ರಾಯ, ಅದೇ ವಾಶಿ, ಅದೇ ಲೆಕ್ಕಪುಸ್ತಕ.

ಮಕ್ಕಳೇ, ಇದನ್ನೆಲ್ಲ ನಿಮಗೇ ಏಕೆ ಹೇಳುತ್ತಿದ್ದೇನೆ ಗೊತ್ತೇ? ನಮ್ಮ ಮನೆಗಳಲ್ಲಿ ವರದಿಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ, ಭಯವೆಲ್ಲ ಕನ್ನಡದಲ್ಲಿ ಇರುತ್ತದೆ. ಎರಡರ ನಡುವೆ ಸೇತುವೆಯಾಗಬಲ್ಲವರು ನೀವು. ನಿಮ್ಮ ಕನ್ನಡ ಶುದ್ಧವಾಗಿಲ್ಲವೆಂದು ಸಂಕೋಚಪಡಬೇಡಿ. ನನ್ನ ಮಗಳ ಅಶುದ್ಧ ಕನ್ನಡದ ಮೂರು ವಾಕ್ಯ ನಮ್ಮ ಮನೆಯ ತಟ್ಟೆಯ ಪ್ರಶ್ನೆಯನ್ನು ಶಾಶ್ವತವಾಗಿ ಬಗೆಹರಿಸಿತು. ಅಜ್ಜ ಅಜ್ಜಿಯರ ಔಷಧದ ಚೀಟಿ, ರಕ್ತದ ವರದಿ ಕೈಗೆ ಬಂದಾಗ ಅಂಕಿಯನ್ನು ಓದಿ. ಹಿಂದಿನ ವರದಿಯ ಪಕ್ಕದಲ್ಲಿಟ್ಟು ನೋಡಿ. ತಾರೀಖಿನ ಪ್ರಕಾರ ಒಂದು ಫೈಲು ಮಾಡಿ. ಅರ್ಥವಾಗದ್ದನ್ನು ಡಾಕ್ಟರಿಗೆ ಕೇಳಿ ಮನೆಯವರಿಗೆ ಅವರ ಮಾತಿನಲ್ಲಿ ಹೇಳಿ. ಬಾಣದ ಗುರುತು ಕಂಡ ಕೂಡಲೇ ಔಷಧ ನಿಲ್ಲಿಸಲು ಯಾರನ್ನೂ ಬಿಡಬೇಡಿ.

ಇನ್ನೊಂದು ಮಾತು. ಯಾರ ರಕ್ತದಲ್ಲಿ ಏನಿದೆ ಎಂಬುದು ಅವರ ಸ್ವಂತ ಆಸ್ತಿ. 2017ರಲ್ಲಿ ಸಂಸತ್ತು ಮಾಡಿದ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎಚ್‌ಐವಿ ಇದೆಯೆಂದು ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು, ಬಾಡಿಗೆ ಮನೆ ಕೊಡದಿರುವುದು ಎಲ್ಲವೂ ನಿಷಿದ್ಧ. ಅವರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಇನ್ನೊಬ್ಬರಿಗೆ ಹೇಳುವಂತಿಲ್ಲ. ನಿಮ್ಮ ಗೆಳೆಯರಲ್ಲಿ ಯಾರಿಗಾದರೂ ಸಂದೇಹವಿದ್ದರೆ 1097ಕ್ಕೆ ಫೋನ್ ಮಾಡಲು ಹೇಳಿ. ದುಡ್ಡಿಲ್ಲ, ಹೆಸರು ಹೇಳಬೇಕೆಂದಿಲ್ಲ.

ಕೊನೆಯದಾಗಿ, ನಿಮಗೆ ನೆಗಡಿಯಾದಾಗ ಮನೆಯಲ್ಲಿರುವ ಕಾಯಿಲೆಯವರನ್ನು, ಮುದುಕರನ್ನು ಒಮ್ಮೆ ನೆನೆದು ಕೈ ತೊಳೆದುಕೊಳ್ಳಿ. ಬಾಗಿಲಿಗೆ ಚಿಲಕವಿಲ್ಲದ ಮನೆಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ಅವುಗಳನ್ನು ದೂರದಿಂದ ನೋಡಿ ನಡೆದುಬಿಡುವವರ ಸಾಲಿನಲ್ಲಿ ನೀವು ಇರಬೇಡಿ. ಹೊಸ್ತಿಲಲ್ಲಿ ಕುಳಿತು ಕಾಯುವವರ ಸಾಲಿನಲ್ಲಿರಿ. ನಿಮಗೆಲ್ಲ ಒಳ್ಳೆಯದಾಗಲಿ.